ತಲೆಗೆ ಜೋರು ಪೆಟ್ಟು ಬಿದ್ದಾಗ: ಈಗಲೇ ಆಪರೇಷನ್ನಾ, ಕಾದು ನೋಡೋದಾ?

ಮುಂಬೈಯಲ್ಲಿರುವ ನಮ್ಮವರಿಗೆ ಇಂಥ ಫೋನ್ ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ಹೋಟೆಲ್ ಮುಚ್ಚಿ ಬೈಕಿನಲ್ಲಿ ಹೊರಟ ಹುಡುಗ ಘೋಡ್‌ಬಂದರ್ ರಸ್ತೆಯಲ್ಲಿ ಬಿದ್ದ. ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಿದ್ದವನ ಕೈ ತಪ್ಪಿತು. ಮನೆಯ ಅಜ್ಜ ಬಚ್ಚಲಲ್ಲಿ ಜಾರಿದರು. ಆಸ್ಪತ್ರೆಗೆ ಓಡಿದ ಮೇಲೆ ಎರಡರಲ್ಲಿ ಒಂದು ಮಾತು ಕೇಳಿಸುತ್ತದೆ: "ಈಗಲೇ ತಲೆ ತೆರೆಯಬೇಕು, ಇಲ್ಲಿ ಸಹಿ ಹಾಕಿ" ಅಥವಾ "ಸದ್ಯಕ್ಕೆ ಆಪರೇಷನ್ ಬೇಡ, ನೋಡೋಣ". ಮೊದಲನೆಯದನ್ನು ಕೇಳಿದವರಿಗೆ ಇಷ್ಟು ಅವಸರ ಯಾಕೆ, ದುಡ್ಡಿಗಾಗಿಯಾ ಎಂಬ ಅನುಮಾನ. ಎರಡನೆಯದನ್ನು ಕೇಳಿದವರಿಗೆ ಡಾಕ್ಟರು ಆಸೆ ಬಿಟ್ಟರು ಎಂಬ ಭಯ. ನಾನು ಈ ಊರಿನ ನ್ಯೂರೋ ಐಸಿಯುನಲ್ಲಿ ತುಂಬಾ ವರ್ಷ ನರ್ಸ್ ಆಗಿದ್ದವಳು, ಡಾಕ್ಟರ್ ಅಲ್ಲ. ಆದರೆ "ಸಿಸ್ಟರ್, ನಿಮ್ಮ ಮನೆಯವರೇ ಆಗಿದ್ದರೆ ಏನು ಮಾಡ್ತಿದ್ರಿ?" ಅಂತ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದವರಿಗೆ ಲೆಕ್ಕವಿಲ್ಲ. ಅವರಿಗೆ ಹೇಳುತ್ತಿದ್ದುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. "ಬೇಗ ಮಾಡಿದರೆ ಒಳ್ಳೇದಾ, ತಡವಾಗಿಯಾ?" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ರಕ್ತ ಎಲ್ಲಿ ಸೇರಿದೆ ಎಂಬುದರ ಮೇಲೆ ಗಡಿಯಾರ ಬದಲಾಗುತ್ತದೆ. ಒಂದು ಕಡೆ ಸೇರಿದ್ದರೆ ನಿಮಿಷಗಳ ಲೆಕ್ಕ, ಇನ್ನೊಂದು ಕಡೆ ಆಗಿದ್ದರೆ ಎರಡು ದಿನ ಕಣ್ಣಿಟ್ಟು ಕಾಯುವುದೇ ಚಿಕಿತ್ಸೆ. ಹಾಗಾಗಿ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಉಳಿಯುತ್ತಾರಾ?" ಅಂತಲ್ಲ, "ಸಿಟಿ ಸ್ಕ್ಯಾನಿನಲ್ಲಿ ರಕ್ತ ಎಲ್ಲಿದೆ, ಎಷ್ಟಿದೆ?" ಅಂತ.

ಗಂಭೀರ ಅಂದರೆ ಎಷ್ಟು ಗಂಭೀರ

ಐಸಿಯುನಲ್ಲಿ ಎಲ್ಲರ ಬಾಯಲ್ಲೂ ಇರುವುದು ಜಿಸಿಎಸ್ ಅನ್ನುವ ಅಂಕ. 1974ರಲ್ಲಿ ಗ್ಲಾಸ್ಗೋದ ಇಬ್ಬರು ಡಾಕ್ಟರು ಮಾಡಿದ ಲೆಕ್ಕ ಇದು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಎಂದು ನೋಡಿ ಅಂಕ ಹಾಕುತ್ತಾರೆ. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೆ 3. 8 ಅಥವಾ ಅದಕ್ಕಿಂತ ಕಡಿಮೆ ಆದರೆ ಗಂಭೀರ ಪೆಟ್ಟು, ಸಾಮಾನ್ಯವಾಗಿ ಗಂಟಲಲ್ಲಿ ನಳಿಗೆ ಹಾಕಿ ಉಸಿರಾಟಕ್ಕೆ ಮೆಷಿನ್ ಹಚ್ಚುತ್ತಾರೆ. ಒಂದು ಸಲದ ಅಂಕಕ್ಕಿಂತ ಅದು ಏರುತ್ತಿದೆಯಾ ಇಳಿಯುತ್ತಿದೆಯಾ ಎಂಬುದು ಮುಖ್ಯ. ಬಂದಾಗ 10 ಇದ್ದದ್ದು ಒಂದು ಗಂಟೆಯಲ್ಲಿ 8ಕ್ಕೆ ಬಂತು ಅಂದರೆ ನಾವು ಓಡಾಡಲು ಶುರು ಮಾಡುತ್ತಿದ್ದೆವು.

ಯಾಕೆ ಅಂದರೆ ತಲೆಬುರುಡೆ ಹಿಗ್ಗುವುದಿಲ್ಲ. ಬೆಳಗಿನ ಎಂಟೂವರೆಯ ಡೊಂಬಿವಲಿ ಫಾಸ್ಟ್ ಲೋಕಲ್ ಡಬ್ಬಿಯನ್ನು ನೆನಪಿಸಿಕೊಳ್ಳಿ. ಒಳಗೆ ಮೆದುಳು, ರಕ್ತ, ಮೆದುಳಿನ ಸುತ್ತಲಿನ ನೀರು ತುಂಬಿಕೊಂಡಿವೆ. ಅದರೊಳಗೆ ಹೊಸದಾಗಿ ಒಂದು ರಕ್ತದ ಗಡ್ಡೆ ನುಗ್ಗಿದರೆ ಮೊದಲು ನೀರು ಹೊರಗೆ ಹೋಗಿ ಜಾಗ ಕೊಡುತ್ತದೆ, ಆಮೇಲೆ ಸಿರೆಗಳಲ್ಲಿನ ರಕ್ತ, ಅದೂ ಮುಗಿದ ಮೇಲೆ ಮೆದುಳೇ ಕೆಳಗಿನ ತೂತಿನ ಕಡೆಗೆ ನೂಕಿಸಿಕೊಳ್ಳುತ್ತದೆ. ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕಿಗೆ ಚಿಕ್ಕದಾಗದೆ ನಿಂತರೆ ಈ ಕೊನೆಯ ನೂಕಾಟ ಶುರುವಾಗಿದೆ ಅಂತ ಅರ್ಥ. ಆಗ ಮ್ಯಾನಿಟಾಲ್ ಅಥವಾ ಗಟ್ಟಿ ಉಪ್ಪುನೀರಿನ ಸಲೈನ್ ಹಾಕುತ್ತಾರೆ. ಅದು ಒತ್ತಡವನ್ನು ಕೆಲವು ಗಂಟೆ ತಗ್ಗಿಸುತ್ತದೆ, ಗಡ್ಡೆಯನ್ನು ಕರಗಿಸುವುದಿಲ್ಲ. "ಇಂಜೆಕ್ಷನ್ನಲ್ಲೇ ಸರಿಹೋಗಲ್ವಾ?" ಅಂತ ಕೇಳುವವರಿಗೆ ಇಷ್ಟೇ ಉತ್ತರ.

ಬುರುಡೆಗೂ ಮೆದುಳಿನ ಪೊರೆಗೂ ನಡುವೆ ರಕ್ತ: ಇಲ್ಲಿ ಕಾಯಬೇಡಿ

ಇದನ್ನು ಎಕ್ಸ್‌ಟ್ರಾಡ್ಯೂರಲ್ ಅನ್ನುತ್ತಾರೆ, ವಾರ್ಡಿನಲ್ಲಿ ಇಡಿಎಚ್. ಕಿವಿಯ ಮೇಲಿನ ತೆಳು ಮೂಳೆ ಒಡೆದು ಅದರ ಕೆಳಗಿನ ರಕ್ತನಾಳ ಹರಿದಾಗ ಆಗುವುದು ಜಾಸ್ತಿ. ಇದರ ಮೋಸ ಏನೆಂದರೆ ಬಿದ್ದವನು ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ಚಹಾ ಕೇಳುತ್ತಾನೆ, ಮನೆಯವರು "ದೇವರು ದೊಡ್ಡವನು" ಅಂತ ಮಲಗಿಸುತ್ತಾರೆ, ಎರಡು ಮೂರು ಗಂಟೆಯಲ್ಲಿ ಅವನನ್ನು ಎಬ್ಬಿಸಲು ಆಗುವುದಿಲ್ಲ. ಬಾಯಲ್ಲಿ ಸ್ವಲ್ಪ ವಾಸನೆ ಬಂದರಂತೂ ಮುಗಿಯಿತು, ಕುಡಿದಿದ್ದಾನೆ ಬಿಡಿ ಅನ್ನುತ್ತಾರೆ. ಕುಡಿದವರ ತಲೆಗೂ ಪೆಟ್ಟು ಬೀಳುತ್ತದೆ, ಬೇರೆಯವರಿಗಿಂತ ಜಾಸ್ತಿಯೇ ಬೀಳುತ್ತದೆ.

ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಷನ್ ಸಹಯೋಗದಲ್ಲಿ 2006ರಲ್ಲಿ ಬಂದ ಶಸ್ತ್ರಚಿಕಿತ್ಸೆಯ ಮಾರ್ಗಸೂಚಿಯನ್ನು ನಮ್ಮ ನ್ಯೂರೋಸರ್ಜನ್‌ಗಳೂ ಬಳಸುತ್ತಾರೆ. ಅದರ ಪ್ರಕಾರ ಈ ಗಡ್ಡೆ 30 ಮಿಲಿಲೀಟರ್ ದಾಟಿದ್ದರೆ ರೋಗಿ ಎಚ್ಚರ ಇದ್ದರೂ ತೆಗೆಯಬೇಕು. ಪ್ರಜ್ಞೆ ತಪ್ಪಿ ಪಾಪೆಗಳು ಒಂದು ದೊಡ್ಡದು ಒಂದು ಚಿಕ್ಕದು ಆಗಿದ್ದರೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ. ಗಡ್ಡೆ 30ಕ್ಕಿಂತ ಕಡಿಮೆ, ದಪ್ಪ 15 ಮಿಲಿಮೀಟರ್ ಒಳಗೆ, ಮೆದುಳು ಪಕ್ಕಕ್ಕೆ ಸರಿದಿರುವುದು 5 ಮಿಲಿಮೀಟರ್ ಒಳಗೆ, ಜಿಸಿಎಸ್ 8ಕ್ಕಿಂತ ಮೇಲೆ, ಕೈಕಾಲಿನಲ್ಲಿ ಬಲ ಸರಿಯಿದೆ ಅಂದರೆ ಮಾತ್ರ, ನ್ಯೂರೋಸರ್ಜನ್ ಇರುವ ಕಡೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಕಾಯಬಹುದು.

ಇಲ್ಲಿ ಸಹಿ ಹಾಕಲು ಯೋಚನೆ ಮಾಡಬೇಡಿ. ಈ ಪೆಟ್ಟಿನಲ್ಲಿ ಕೆಳಗಿನ ಮೆದುಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ, ಹೊರಗಿನ ಒತ್ತಡ ತೆಗೆದರೆ ಹುಡುಗ ಮತ್ತೆ ಕೆಲಸಕ್ಕೆ ಹೋಗುವಷ್ಟು ಸರಿಯಾಗುತ್ತಾನೆ. ತಲೆ ಆಪರೇಷನ್‌ಗಳಲ್ಲೇ ಇಷ್ಟು ಒಳ್ಳೆ ಫಲ ಕೊಡುವುದು ಇನ್ನೊಂದನ್ನು ನಾನು ನೋಡಿಲ್ಲ. ಕುಂದಾಪುರದಿಂದ ಅಣ್ಣ ಬಂದು ನೋಡಿ ಹೇಳಲಿ ಅಂತ ಕಾಯುವುದು ಬೇಡ. ಮನೆಯವರು ಯಾರೂ ಸಿಗದಿದ್ದರೆ ಜೀವ ಉಳಿಸಲು ಡಾಕ್ಟರು ಸಹಿ ಇಲ್ಲದೆಯೂ ಮುಂದುವರಿಯಬಹುದು. ಹೋಟೆಲ್ ಮಾಲೀಕರು, ರೂಮ್‌ಮೇಟ್‌ಗಳು ಇದನ್ನು ತಿಳಿದುಕೊಂಡಿರಬೇಕು.

ಪೊರೆಯ ಕೆಳಗೆ ರಕ್ತ: ಇಲ್ಲೂ ಬೇಗ, ಆದರೆ ಆಸೆಗೆ ಮಿತಿ ಇರಲಿ

ಸಬ್‌ಡ್ಯೂರಲ್, ಅಂದರೆ ಎಸ್‌ಡಿಎಚ್. ಇದು ಆದಾಗ ಮೆದುಳಿಗೂ ಪೆಟ್ಟಾಗಿರುವುದೇ ಹೆಚ್ಚು. ಅದೇ ಮಾರ್ಗಸೂಚಿಯಲ್ಲಿ ದಪ್ಪ 10 ಮಿಲಿಮೀಟರ್ ದಾಟಿದ್ದರೆ ಅಥವಾ ಮೆದುಳು 5 ಮಿಲಿಮೀಟರ್‌ಗಿಂತ ಜಾಸ್ತಿ ಸರಿದಿದ್ದರೆ, ಜಿಸಿಎಸ್ ಎಷ್ಟೇ ಇರಲಿ, ತೆಗೆಯಬೇಕು. ಅದಕ್ಕಿಂತ ತೆಳುವಾಗಿದ್ದರೂ ಕೋಮಾದಲ್ಲಿರುವವರ ಅಂಕ ಎರಡು ಇಳಿದರೆ, ಪಾಪೆ ಕೆಟ್ಟರೆ ಅಥವಾ ತಲೆಯೊಳಗಿನ ಒತ್ತಡ 20 (ಬಿಪಿಯ ಹಾಗೆ ಪಾದರಸದ ಮಿಲಿಮೀಟರ್ ಲೆಕ್ಕ) ದಾಟಿದರೆ ಆಗಲೂ ತೆಗೆಯಬೇಕು.

"ನಾಲ್ಕು ಗಂಟೆಯೊಳಗೆ" ಎಂಬ ಮಾತನ್ನು ನೀವು ಕೇಳಿರಬಹುದು. ಅದು ಬಂದದ್ದು 1981ರ ಒಂದು ಅಮೆರಿಕನ್ ಅಧ್ಯಯನದಿಂದ. 82 ಜನ ಕೋಮಾ ರೋಗಿಗಳಲ್ಲಿ ನಾಲ್ಕು ಗಂಟೆಯೊಳಗೆ ಆಪರೇಷನ್ ಆದವರಲ್ಲಿ 100ಕ್ಕೆ 30 ಮಂದಿ ಸತ್ತರು, ತಡವಾದವರಲ್ಲಿ 90. ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೀರಾ ಕೆಟ್ಟ ಸ್ಥಿತಿಯಲ್ಲಿರುವವರನ್ನೇ ಮೊದಲು ಒಳಗೆ ಕರೆದುಕೊಂಡು ಹೋಗುವುದರಿಂದ ಬರೀ ಗಂಟೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಐದನೇ ಗಂಟೆಗೆ ತಲುಪಿದವರು "ಇನ್ನು ಉಪಯೋಗ ಇಲ್ಲ" ಅಂತ ಕುಸಿಯಬೇಕಿಲ್ಲ. ಎರಡನೇ ಗಂಟೆಗೆ ತಲುಪಿದವರು ಬೆಳಗಾಗಲಿ ಅಂತ ಕೂರುವ ಹಾಗೂ ಇಲ್ಲ.

ಇಲ್ಲಿ ಇನ್ನೊಂದು ಆಯ್ಕೆಯೂ ಬರುತ್ತದೆ. ಗಡ್ಡೆ ತೆಗೆದ ಮೇಲೆ ಮೂಳೆಯನ್ನು ಅಲ್ಲೇ ಕೂರಿಸಿ ಹೊಲಿಯುವುದಾ, ಊತಕ್ಕೆ ಜಾಗ ಇರಲಿ ಅಂತ ಹೊರಗಿಡುವುದಾ? 2023ರಲ್ಲಿ ರೆಸ್ಕ್ಯೂ-ಎಎಸ್‌ಡಿಎಚ್ ಎಂಬ ಅಧ್ಯಯನ 450 ಜನರಲ್ಲಿ ಇದನ್ನೇ ಹೋಲಿಸಿತು. ವರ್ಷ ಕಳೆದ ಮೇಲೆ ಎರಡೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಮೂಳೆ ಕೂರಿಸಿದವರಲ್ಲಿ ಎರಡು ವಾರದೊಳಗೆ ಮತ್ತೆ ತಲೆ ಆಪರೇಷನ್ ಬೇಕಾದವರು 14.6%, ಹೊರಗಿಟ್ಟವರಲ್ಲಿ 6.9%. ಗಾಯದ ತೊಂದರೆ ಮಾತ್ರ ಮೂಳೆ ಹೊರಗಿಟ್ಟವರಲ್ಲೇ ಜಾಸ್ತಿ. ಮೆದುಳು ಉಬ್ಬಿ ಮೂಳೆ ಕೂರದೇ ಇರುವಂಥವರು ಈ ಲೆಕ್ಕದಲ್ಲಿ ಇರಲಿಲ್ಲ, ಅವರಿಗೆ ಆಯ್ಕೆಯೇ ಇಲ್ಲ. ಕೂರುತ್ತದೆ ಅಂದರೆ ಕೂರಿಸಿಬಿಡುವುದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ, ಮುಂದೆ ಮೂಳೆ ಕೂರಿಸಲೆಂದೇ ಮಾಡುವ ಎರಡನೇ ಆಪರೇಷನ್ನಿನ ಖರ್ಚೂ ಓಡಾಟವೂ ತಪ್ಪುತ್ತದೆ. ಆದರೆ ಅದು ತಲೆ ತೆರೆದ ಸರ್ಜನ್ ಮೇಜಿನ ಮೇಲೆ ನೋಡಿ ತೀರ್ಮಾನಿಸುವ ವಿಷಯ. ಮೊದಲೇ ಹಟ ಹಿಡಿಯಬೇಡಿ.

ಮೆದುಳಿನೊಳಗೇ ರಕ್ತ: ನಿಜವಾದ ಗೊಂದಲ ಇಲ್ಲಿ

ಕಂಟ್ಯೂಷನ್ ಅಂದರೆ ಮೆದುಳೇ ಜಜ್ಜಿಹೋಗಿ ಅಲ್ಲಲ್ಲಿ ರಕ್ತ ಇಳಿದಿರುವುದು. ಹಣೆಯ ಹಿಂದೆ ಮತ್ತು ಕಿವಿಯ ಹತ್ತಿರ ಇದು ಸಾಮಾನ್ಯ. ಮೊದಲ ಸ್ಕ್ಯಾನಿನಲ್ಲಿ ಚಿಕ್ಕದಾಗಿ ಕಂಡದ್ದು ಮೊದಲ ಒಂದೆರಡು ದಿನದಲ್ಲಿ ದೊಡ್ಡದಾಗಬಹುದು. ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತಗೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಆ ಮಾತ್ರೆಯ ಚೀಟಿಯನ್ನು ಆಸ್ಪತ್ರೆಗೆ ಬರುವಾಗಲೇ ತನ್ನಿ, ಅಥವಾ ಮನೆಯಲ್ಲಿರುವವರಿಗೆ ಹೇಳಿ ಫೋಟೊ ತರಿಸಿ. ಅದೊಂದು ಫೋಟೊದಿಂದ ಡಾಕ್ಟರ ನಿರ್ಧಾರವೇ ಬದಲಾಗಬಹುದು.

ಇಲ್ಲಿ ಬೇಗ ಕೈಹಾಕುವುದಾ, ಕಾಯುವುದಾ? ಸ್ಟಿಚ್ ಟ್ರಾಮಾ ಎಂಬ ಅಧ್ಯಯನ ಇದನ್ನೇ ಕೇಳಿತು. ನಮ್ಮ ದೇಶದ ಆಸ್ಪತ್ರೆಗಳೂ ಅದರಲ್ಲಿದ್ದವು. 840 ಜನ ಬೇಕು ಅಂತ ಶುರುವಾದದ್ದು 170ಕ್ಕೆ ನಿಂತುಹೋಯಿತು, ದುಡ್ಡು ಕೊಡುವವರು ನಿಲ್ಲಿಸಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಬೇಗ ಆಪರೇಷನ್ ಆದವರಲ್ಲಿ ಆರು ತಿಂಗಳಲ್ಲಿ ಸತ್ತವರು 15%, ಮೊದಲು ಕಾದವರಲ್ಲಿ 33%. ಚೆನ್ನಾಗಿ ಚೇತರಿಸಿಕೊಂಡವರ ಸಂಖ್ಯೆಯೂ ಬೇಗ ಮಾಡಿದ ಕಡೆ ಹೆಚ್ಚೇ ಇತ್ತು, ಆದರೆ ಆ ಮಟ್ಟಿಗೆ ಗಟ್ಟಿಯಾಗಿ ಹೇಳಲು ಜನ ಸಾಲಲಿಲ್ಲ. ಅರ್ಧಕ್ಕೆ ನಿಂತ ಅಧ್ಯಯನವನ್ನು ಹಿಡಿದು ಡಾಕ್ಟರ ಹತ್ತಿರ ಜಗಳಕ್ಕೆ ಹೋಗಬೇಡಿ. ಆದರೂ "ಹದಗೆಟ್ಟ ಮೇಲೆ ನೋಡೋಣ" ಎಂಬ ಮಾತಿಗೆ ಸುಮ್ನೆ ತಲೆಯಾಡಿಸಲೂ ಬೇಡಿ. ಯಾವುದು ಆದರೆ ಹದಗೆಟ್ಟಿತು ಅಂತ ಲೆಕ್ಕ? ಮುಂದಿನ ಸ್ಕ್ಯಾನ್ ಎಷ್ಟು ಗಂಟೆಗೆ? ರಾತ್ರಿ ಹದಗೆಟ್ಟರೆ ಸರ್ಜನ್ ಮತ್ತು ಓಟಿ ಸಿಗುತ್ತಾ? ಕಾಯುವುದು ಅಂದರೆ ಗಂಟೆಗೊಮ್ಮೆ ಪಾಪೆ, ಅಂಕ ನೋಡುತ್ತಾ ಕಾಯುವುದು. ರಾತ್ರಿ ಒಬ್ಬ ನರ್ಸ್ ಇಡೀ ವಾರ್ಡ್ ನೋಡುವ ಕಡೆ ಕಾಯುವುದನ್ನು ನಾನು ಕಾಯುವುದು ಅನ್ನುವುದಿಲ್ಲ.

ಮಾರ್ಗಸೂಚಿಯಲ್ಲಿ ಒಟ್ಟು ಜಜ್ಜು ಗಾಯ 50 ಮಿಲಿಲೀಟರ್ ದಾಟಿದ್ದರೆ ಆಪರೇಷನ್. ಹಣೆ ಅಥವಾ ಕಿವಿಯ ಭಾಗದ್ದು 20 ದಾಟಿ, ಅಂಕ 6ರಿಂದ 8 ಇದ್ದು, ಮೆದುಳು 5 ಮಿಲಿಮೀಟರ್ ಸರಿದಿದ್ದರೂ ಆಪರೇಷನ್. ಕಿವಿಯ ಹತ್ತಿರದ್ದು ತುಂಬಾ ಕಳ್ಳ. ಮೆದುಳಿನ ಕಾಂಡ ಪಕ್ಕದಲ್ಲೇ ಇರುವುದರಿಂದ ಒತ್ತಡದ ಅಂಕಿ ಅಷ್ಟೇನೂ ಏರದೆಯೇ ಪಾಪೆ ಹಿಗ್ಗಿಬಿಡಬಹುದು.

ಇದಕ್ಕೆ ಪೂರ್ತಿ ಬೇರೆಯಾದ ಒಂದು ಸ್ಥಿತಿಯೂ ಇದೆ, ಡಿಎಐ. ಮೆದುಳಿನ ಎಳೆಗಳೇ ಅಲ್ಲಲ್ಲಿ ಹರಿದಿರುತ್ತವೆ. ಸ್ಕ್ಯಾನ್ ನೋಡಲು ಅಷ್ಟು ಕೆಟ್ಟದಾಗಿರುವುದಿಲ್ಲ, ರೋಗಿ ಮಾತ್ರ ಏಳುವುದಿಲ್ಲ. ತೆಗೆಯಲು ಗಡ್ಡೆಯೇ ಇಲ್ಲದ್ದರಿಂದ ಆಪರೇಷನ್ ಮಾಡುವುದಿಲ್ಲ. ಇಲ್ಲಿ ಎರಡನೇ ಅಭಿಪ್ರಾಯಕ್ಕೆ ಊರೆಲ್ಲ ಸುತ್ತಿದರೂ ಅದೇ ಉತ್ತರ ಬರುತ್ತದೆ.

ಬುರುಡೆಯ ದೊಡ್ಡ ತುಂಡು ತೆಗೆಯುವುದು

ಗಡ್ಡೆ ಇಲ್ಲ ಅಥವಾ ತೆಗೆದಾಗಿದೆ, ಆದರೂ ಊತ ಇಳಿಯುತ್ತಿಲ್ಲ, ಔಷಧಿಗೆ ಬಗ್ಗುತ್ತಿಲ್ಲ. ಆಗ "ಡಿಕಂಪ್ರೆಷನ್ ಮಾಡೋಣ" ಅನ್ನುತ್ತಾರೆ. ಮೂಳೆಯ ದೊಡ್ಡ ತುಂಡನ್ನು ತೆಗೆದು ಮೆದುಳಿಗೆ ಉಬ್ಬಲು ಜಾಗ ಕೊಡುವುದು. ಮೇಲಿನದೆಲ್ಲ ಹೆಚ್ಚಾಗಿ ವೈದ್ಯರ ನಿರ್ಧಾರ. ಇದು ಮನೆಯವರದ್ದೂ ಹೌದು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ಬೇಗ ಮಾಡಿದರೆ ಒಳ್ಳೆಯದಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 2011ರಲ್ಲಿ ಡೆಕ್ರಾ ಎಂಬ ಅಧ್ಯಯನ ಬಂತು, 155 ಜನ. ಒತ್ತಡ 20ರ ಮೇಲೆ ಒಂದು ಗಂಟೆಯಲ್ಲಿ ಕಾಲು ಗಂಟೆಗಿಂತ ಹೆಚ್ಚು ನಿಂತ ಕೂಡಲೇ, ಮೊದಲ ಮೂರು ದಿನದೊಳಗೆ, ಎರಡೂ ಕಡೆಯ ಹಣೆಮೂಳೆ ತೆಗೆದರು. ಒತ್ತಡ ಇಳಿಯಿತು, ಐಸಿಯು ದಿನಗಳೂ ಕಡಿಮೆಯಾದವು. ಆರು ತಿಂಗಳ ನಂತರ ನೋಡಿದರೆ ಕೆಟ್ಟ ಸ್ಥಿತಿಯಲ್ಲಿದ್ದವರು ಆಪರೇಷನ್ ಆದವರಲ್ಲಿ 70%, ಆಗದವರಲ್ಲಿ 51%. ಅಂಕಿ ಚೆನ್ನಾಗಿ ಕಂಡರೆ ರೋಗಿ ಚೆನ್ನಾಗಿದ್ದಾನೆ ಅಂತ ಅಲ್ಲ ಎಂದು ಐಸಿಯು ಮಂದಿಗೆಲ್ಲ ತಟ್ಟಿದ್ದು ಆಗ.

2016ರ ರೆಸ್ಕ್ಯೂ-ಐಸಿಪಿ ಬೇರೆ ದಾರಿ ಹಿಡಿಯಿತು. 408 ಜನ. ಔಷಧಿಯೆಲ್ಲ ಕೊಟ್ಟ ಮೇಲೂ ಒತ್ತಡ 25ಕ್ಕಿಂತ ಮೇಲೆ ಒಂದು ಗಂಟೆಯಾದರೂ ನಿಂತರೆ ಮಾತ್ರ, ಕೊನೆಯ ಉಪಾಯವಾಗಿ. ಆರು ತಿಂಗಳಲ್ಲಿ ಸತ್ತವರು ಬರೀ ಔಷಧಿಯವರಲ್ಲಿ 48.9%, ಆಪರೇಷನ್ ಆದವರಲ್ಲಿ 26.9%. ದೊಡ್ಡ ವ್ಯತ್ಯಾಸ ಅಲ್ವಾ? ಈಗ ಇನ್ನೊಂದು ಮಗ್ಗುಲು ನೋಡಿ. 100 ಜನಕ್ಕೆ ಮಾಡಿದರೆ ಹೆಚ್ಚಿಗೆ ಉಳಿಯುವ 22 ಮಂದಿಯಲ್ಲಿ ಸುಮಾರು 6 ಮಂದಿ ಕಣ್ಣು ತೆರೆದಿದ್ದರೂ ಏನೂ ಗೊತ್ತಾಗದ ಸ್ಥಿತಿಯಲ್ಲಿ, 8 ಮಂದಿ ಎಲ್ಲಕ್ಕೂ ಬೇರೆಯವರನ್ನೇ ಅವಲಂಬಿಸಿ, ಉಳಿದ 8 ಮಂದಿ ಕಡೇಪಕ್ಷ ಮನೆಯೊಳಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟದಲ್ಲಿ ಇರುತ್ತಾರೆ. ವರ್ಷ ಕಳೆದ ಮೇಲೆ ಸ್ಥಿತಿ ಸ್ವಲ್ಪ ಸುಧಾರಿಸಿತು: ಮನೆಯೊಳಗೆ ಸ್ವಂತವಾಗಿ ಇರಬಲ್ಲವರು ಅಥವಾ ಅದಕ್ಕಿಂತ ಚೆನ್ನಾಗಿರುವವರು ಆಪರೇಷನ್ ಆದವರಲ್ಲಿ 45.4%, ಆಗದವರಲ್ಲಿ 32.4%.

ಹಾಗಾದರೆ ಈ ಎರಡರಲ್ಲಿ, ಊತ ಶುರುವಾದ ಕೂಡಲೇ ಮೂಳೆ ತೆಗೆಯಿರಿ ಅಂತ ಒತ್ತಾಯಿಸುವುದಕ್ಕಿಂತ ಔಷಧಿ ಸೋತ ಮೇಲೆ ಮಾಡುವುದು ಮೇಲು. ಅಷ್ಟು ಹೊತ್ತಿಗೆ ನಿಮಗೂ ಕೂತು ಮಾತಾಡಲು ಸಮಯ ಸಿಗುತ್ತದೆ. ಮಾತಾಡಿ. ಇಪ್ಪತ್ತೈದರ ಹುಡುಗನಿಗೆ ನಾನು ಹೌದು ಅನ್ನುತ್ತೇನೆ, ಸಮಯವೂ ವಯಸ್ಸೂ ಅವನ ಕಡೆ ಇವೆ. ಎಂಬತ್ತರ ಅಜ್ಜನಿಗೆ, ಎರಡೂ ಪಾಪೆ ಹಿಗ್ಗಿ ನಿಂತಿರುವಾಗ, ಬೇಡ ಅನ್ನುವ ಧೈರ್ಯ ಮನೆಯವರಿಗೆ ಇರಬೇಕು. ಈ ಮಾತು ಹೇಳಿದ್ದಕ್ಕೆ ಬೈಸಿಕೊಂಡಿದ್ದೂ ಉಂಟು. ಆದರೆ ಎರಡು ಕೋಣೆಯ ಮನೆಯಲ್ಲಿ ಕುತ್ತಿಗೆಗೆ ಟ್ಯೂಬ್, ಮೂಗಿಗೆ ಟ್ಯೂಬ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇದನ್ನು ಮಾಡುವವರು ಮನೆಯ ಹೆಂಗಸರೇ. ಅವರನ್ನು ಕೇಳದೆ ಗಂಡಸರು ಮಾತ್ರ ಕಾರಿಡಾರಿನಲ್ಲಿ ನಿಂತು ತೀರ್ಮಾನ ಮಾಡಬಾರದು.

ಒತ್ತಡ ಅಳೆಯುವ ತಂತಿ, ಐಸಿಪಿ ಮಾನಿಟರ್, ಎಲ್ಲ ಕಡೆ ಇರುವುದಿಲ್ಲ. ಅದಿಲ್ಲ ಅಂತ ಹೆದರಬೇಡಿ. 2012ರಲ್ಲಿ ಬೊಲಿವಿಯಾ ಮತ್ತು ಈಕ್ವೆಡಾರ್‌ನಲ್ಲಿ 324 ಜನರ ಮೇಲೆ ನಡೆದ ಅಧ್ಯಯನದಲ್ಲಿ, ತಂತಿ ಹಾಕಿ ನೋಡಿಕೊಂಡವರಿಗೂ ಸ್ಕ್ಯಾನ್ ಮತ್ತು ಪರೀಕ್ಷೆಯಿಂದಲೇ ನೋಡಿಕೊಂಡವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಬರಲಿಲ್ಲ. ಹಾಗೆಯೇ ಸ್ಟೆರಾಯ್ಡ್ ಕೊಡಿ ಅಂತ ಕೇಳಬೇಡಿ. ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2004ರಲ್ಲಿ ಬಂದ ಕ್ರ್ಯಾಶ್ ಅಧ್ಯಯನದಲ್ಲಿ ಅದರಿಂದ ಸಾವು ಹೆಚ್ಚಾಯಿತು.

ಹತ್ತಿರದ್ದಾ, ದೊಡ್ಡದಾ, ಊರಿಗಾ?

ಆಪರೇಷನ್ ಯಾವಾಗ ಆಗುತ್ತದೆ ಎಂಬುದು ನೀವು ಯಾವ ಬಾಗಿಲಿಗೆ ಹೋದಿರಿ ಎಂಬುದರ ಮೇಲೂ ಇದೆ. ಡೊಂಬಿವಲಿ, ಕಲ್ಯಾಣ ಕಡೆಯವರಿಗೆ ಗೊತ್ತೇ ಇದೆ: ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ಕಲ್ವಾದ ಮುನ್ಸಿಪಲ್ ಆಸ್ಪತ್ರೆ, ಅಲ್ಲಿಂದ ಮುಂಬೈಯ ದೊಡ್ಡ ಮುನ್ಸಿಪಲ್ ಆಸ್ಪತ್ರೆಗಳಾದ ಸಯನ್ ಅಥವಾ ಕೆಇಎಂ. ಪ್ರತಿ ಮೆಟ್ಟಿಲಲ್ಲೂ ಗಂಟೆ ಹೋಗುತ್ತದೆ. ಉಸಿರು ಕಟ್ಟುತ್ತಿದ್ದರೆ ಅಥವಾ ರಕ್ತ ಹರಿಯುತ್ತಿದ್ದರೆ ಹತ್ತಿರದ್ದಕ್ಕೇ ಹೋಗಬೇಕು, ಅದರಲ್ಲಿ ಚರ್ಚೆ ಇಲ್ಲ. ಆಮ್ಲಜನಕ ಮತ್ತು ಬಿಪಿ ಇಳಿದರೆ ಪೆಟ್ಟು ಬಿದ್ದ ಮೆದುಳು ಎರಡನೇ ಸಲ ಸಾಯುತ್ತದೆ, ಅದನ್ನು ಯಾವ ಸರ್ಜನ್ನೂ ಸರಿಮಾಡಲಾರರು. ಹೊಟ್ಟೆಯೊಳಗೆ ರಕ್ತಸ್ರಾವ ಇದ್ದರೆ ತಲೆಗಿಂತ ಮೊದಲು ಅದನ್ನು ನಿಲ್ಲಿಸುವುದೂ ಇದೇ ಕಾರಣಕ್ಕೆ. ಉಸಿರು, ಬಿಪಿ ಸರಿಯಿದ್ದರೆ 108ರವರಿಗೆ ನ್ಯೂರೋಸರ್ಜನ್ ಇರುವ ಕಡೆಗೇ ಹೋಗೋಣ ಅನ್ನಿ. ಕಳಿಸುವ ಡಾಕ್ಟರಿಗೆ ಅಲ್ಲಿಗೆ ಫೋನ್ ಮಾಡಿ ವೆಂಟಿಲೇಟರ್ ಖಾಲಿ ಇದೆಯಾ ಕೇಳಲು ಹೇಳಿ. ಸ್ಕ್ಯಾನ್ ಸಿಡಿ ಸಿದ್ಧವಾಗಿಲ್ಲ ಅಂದರೆ ಪರದೆಯ ಫೋಟೊ ಹೊಡೆದುಕೊಂಡು ಹೊರಡಿ.

ದೊಡ್ಡ ಪ್ರೈವೇಟ್ ಆಸ್ಪತ್ರೆಯಾ, ಮುನ್ಸಿಪಲ್ ಆಸ್ಪತ್ರೆಯಾ? ಮೊದಲ ರಾತ್ರಿಗೆ ನನ್ನ ಮತ ಸಯನ್‌ನಂಥ ಕಡೆಗೆ. ಹೆದ್ದಾರಿ ಮತ್ತು ರೈಲಿನ ಪೆಟ್ಟುಗಳನ್ನು ದಿನಾ ನೋಡುವ ಕೈಗಳು ಅಲ್ಲಿವೆ, ರೆಸಿಡೆಂಟ್ ಡಾಕ್ಟರು ರಾತ್ರಿಯೂ ಅಲ್ಲೇ ಇರುತ್ತಾರೆ. ನೆಲದ ಮೇಲೆ ಮಲಗುವ ಪಾಡು, ಗಲೀಜು, ಬೈಗುಳ ಎಲ್ಲ ನಿಜ. ಆಪರೇಷನ್ ಆಗಿ ಸ್ಥಿರವಾದ ಮೇಲೆ ಬೇಕಾದರೆ ಪ್ರೈವೇಟ್‌ಗೆ ಹೋಗಿ.

ಇನ್ನು ನಮ್ಮವರ ಹಳೆಯ ಆಸೆ: "ಮಣಿಪಾಲಕ್ಕೆ ಕರ್ಕೊಂಡು ಬನ್ನಿ, ನಿಮ್ಹಾನ್ಸ್‌ನಲ್ಲಿ ನಮ್ಮವರಿದ್ದಾರೆ". ಆಸ್ಪತ್ರೆಗಳು ಒಳ್ಳೆಯವೇ. ಆದರೆ ಮೊದಲ ದಿನಗಳಲ್ಲಿ ಊದಿಕೊಂಡ ಮೆದುಳನ್ನು ಆಂಬುಲೆನ್ಸಿನಲ್ಲಿ ರಾತ್ರಿಯಿಡೀ ಕುಲುಕಿಸಿಕೊಂಡು ಹೋಗುವುದು ಬೇಡ. ಟ್ಯೂಬ್ ಮುಚ್ಚಿಕೊಂಡರೆ, ಪಾಪೆ ಹಿಗ್ಗಿದರೆ, ಕೊಲ್ಹಾಪುರದ ಹತ್ತಿರ ಯಾರನ್ನು ಕರೆಯುತ್ತೀರಿ? ವೆಂಟಿಲೇಟರ್ ಬಿಟ್ಟು, ಜ್ವರ ಇಳಿದ ಮೇಲೆ, ಫಿಸಿಯೋಥೆರಪಿಗೂ ನೋಡಿಕೊಳ್ಳುವ ಜನಕ್ಕೂ ಊರೇ ವಾಸಿ.

ದುಡ್ಡಿನ ಬಗ್ಗೆ ಚಿಕ್ಕದಾಗಿ. ಪೊಲೀಸ್ ಕಾಗದ ಆಗಲಿ ಅಂತ ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ, 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ ಅಪಘಾತವಾಗಿದ್ದರೆ 2025ರ ಕೇಂದ್ರದ ಕ್ಯಾಶ್‌ಲೆಸ್ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ಸಿಗುತ್ತದೆ. ತಲೆಪೆಟ್ಟಿಗೆ ಏಳು ದಿನ ಎಲ್ಲಿ ಸಾಲುತ್ತದೆ? ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ರಾಜ್ಯ ಸರ್ಕಾರದ ಆರೋಗ್ಯ ವಿಮೆಯಾದ ಮಹಾತ್ಮ ಫುಲೆ ಯೋಜನೆಯ ಕೌಂಟರಿಗೆ ಮೊದಲ ದಿನವೇ ಹೋಗಿ.

ಅಜ್ಜ, ಅಜ್ಜಿಯ ವಿಷಯ ಬೇರೆ

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗಿರುವುದರಿಂದ ಒಳಗೆ ಜಾಗ ಇರುತ್ತದೆ. ಬಿದ್ದು ಮೂರು ನಾಲ್ಕು ವಾರದ ನಂತರ ಮರೆವು, ನಡೆಯುವಾಗ ಎಳೆತ, ತಲೆನೋವು ಶುರುವಾದರೆ ಅದು ನಿಧಾನಕ್ಕೆ ಸೇರಿದ ಹಳೆಯ ರಕ್ತ. ಇಂಥದ್ದಕ್ಕೆ ಸಣ್ಣ ತೂತು ಕೊರೆದು ತೆಗೆದರೆ ಎಷ್ಟೋ ಜನ ಬೇಗ ಸರಿಯಾಗುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯ ಪ್ರಭಾವ ಇಳಿಸಿಕೊಂಡು ಮಾಡುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಇಲ್ಲಿ ಒಂದೆರಡು ದಿನ ಕಾಯಿಸಿದರೆ ಡಾಕ್ಟರ ಮೇಲೆ ಕೂಗಾಡಬೇಡಿ.

ತೆಗೆದ ಮೂಳೆ ಮತ್ತೆ ಯಾವಾಗ

ಮೂಳೆ ಹೊರಗಿಟ್ಟವರಿಗೆ ಇದೂ ಒಂದು ಆಯ್ಕೆ. ಊತ ಪೂರ್ತಿ ಇಳಿದು, ಗಾಯ ಒಣಗಿ, ಸೋಂಕು ಇಲ್ಲ ಅಂತಾದ ಮೇಲೆ ಸಾಮಾನ್ಯವಾಗಿ ಕೆಲವು ತಿಂಗಳೊಳಗೆ ಕೂರಿಸುತ್ತಾರೆ. ತೀರಾ ಬೇಗ ಮಾಡಿದರೆ ಸೋಂಕಿನ ಭಯ. ತೀರಾ ತಡವಾದರೆ ಆ ಜಾಗದ ಚರ್ಮ ಒಳಗೆ ಕುಸಿಯುತ್ತದೆ, ಕೆಲವರಲ್ಲಿ ತಲೆಸುತ್ತು, ಮಂಕು, ಕೈಕಾಲಿನ ನಿಶ್ಶಕ್ತಿ ಹೆಚ್ಚಾಗುತ್ತದೆ. ಕೂರಿಸಿದ ಮೇಲೆ ಕೆಲವರು ಹಟಾತ್ತನೆ ಚುರುಕಾಗುವುದನ್ನು ನೋಡಿದ್ದೇನೆ. ಗಾಯ ಚೆನ್ನಾಗಿದ್ದರೆ ಮುಂದೂಡಬೇಡಿ. ಅಲ್ಲಿವರೆಗೆ ಎದ್ದು ಓಡಾಡುವಾಗ ಹೆಲ್ಮೆಟ್ ಹಾಕಿಸಿ, ಆ ಮಗ್ಗುಲಿಗೆ ಮಲಗಿಸಬೇಡಿ.

ಮೂಳೆಯನ್ನು ಎಲ್ಲಿಟ್ಟಿದ್ದಾರೆ ಅಂತ ಕೇಳಲು ಜನ ಮರೆಯುತ್ತಾರೆ. ನಮ್ಮಲ್ಲಿ ಎಷ್ಟೋ ಕಡೆ ಅದನ್ನು ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿಯುತ್ತಾರೆ, ಕೆಲವು ಕಡೆ ಫ್ರೀಜರ್. ಹೊಟ್ಟೆಯಲ್ಲಿದ್ದರೆ ರೋಗಿಯ ಜೊತೆಗೇ ಊರಿಗೆ ಬರುತ್ತದೆ, ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಕೂರಿಸಿಕೊಳ್ಳಬಹುದು. ಫ್ರೀಜರಿನಲ್ಲಿದ್ದರೆ ಅದಕ್ಕಾಗಿ ಮತ್ತೆ ಮುಂಬೈಗೇ ಬರಬೇಕು, ಇಲ್ಲವೇ ದುಡ್ಡು ಕೊಟ್ಟು ಟೈಟೇನಿಯಂ ಹಾಕಿಸಬೇಕು. ಯಾವುದು ಅಂತ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಂಡೇ ಹೊರಡಿ.